ಮಿಕ್ಸಿ ಎಷ್ಟರಲ್ಲಿದೆ

ಜೂನ್ 16, ಸೋಮವಾರ

ಶಾಲೆಯ ಪಡಸಾಲೆಯಲ್ಲಿ, ಮಕ್ಕಳು ಬೂಟು ಬಿಚ್ಚಿಡುವ ಗೂಡಿನ ಪಕ್ಕದಲ್ಲಿ ಒಂದು ಬೆಂಚಿದೆ. ಇವತ್ತಿನಿಂದ ಅದು ನನ್ನದು.

ಬೆಳಗ್ಗೆ ದೊಡ್ಡ ಮಿಸ್ ಒಳಗೆ ಕರೆದರು. ಶಾಲೆ ನಡೆಸುವವರು ಅವರೇ. ಎತ್ತರ ಏನಿಲ್ಲ, ಮಕ್ಕಳು ಹಾಗೆ ಕರೆಯುತ್ತಾರೆ ಅಷ್ಟೆ. ಶುಕ್ರವಾರ ನನ್ನ ಮಗಳು ಸಾಸಿವೆ, ತರಗತಿಯ ಜುಟ್ಟಿನ ಹುಡುಗಿಯೊಬ್ಬಳ ತೋಳು ಕಚ್ಚಿದ್ದಾಳೆ. ಅದಕ್ಕೂ ಮೊದಲು ಒಬ್ಬಳನ್ನು ತಳ್ಳಿದ್ದು, ಇನ್ನೊಬ್ಬಳ ಚಿತ್ರ ಹರಿದಿದ್ದು.

"ನೋಡೀಮ್ಮ, ಐದು ವರ್ಷದ ಮಗು, ನಾನು ಬೈತಿಲ್ಲ. ಆದ್ರೆ ಉಳಿದ ತಾಯಂದಿರು ನನ್ನ ಬಾಗಿಲಿಗೆ ಬರ್ತಿದಾರೆ. ಆಗಸ್ಟ್ ಕೊನೆವರೆಗೂ ನೋಡ್ತೀನಿ. ಅಷ್ಟರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ನೀವು ಬೇರೆ ಶಾಲೆ ನೋಡ್ಕೋಬೇಕು."

"ಅಲ್ಲೀವರೆಗೂ ನಾನು ಇಲ್ಲೇ ಹೊರಗೆ ಕೂತಿರ್ಲಾ ಮಿಸ್? ಏನಾದ್ರೂ ಆದ್ರೆ ತಕ್ಷಣ ಒಳಗೆ ಬರಬಹುದು."

"ಕೂತ್ಕೊಳ್ಳಿ. ಬೆಂಚಿಗೇನು ಬಾಡಿಗೆ ಇಲ್ಲ."

ಸಾಸಿವೆ ಎನ್ನುವುದು ಅವಳಪ್ಪ ಇಟ್ಟ ಅಡ್ಡಹೆಸರು. ಎಣ್ಣೆ ಕಾದರೆ ಸಾಕು, ಸಿಡಿಯುತ್ತಾಳೆ. ಚಿಕ್ಕವಳಿದ್ದಾಗ ನಗು ಬರುತ್ತಿತ್ತು.

ಇಲ್ಲಿ ಕೂತು ಏನು ಮಾಡುವುದೆಂದು ಬರೆಯಲು ತೊಡಗಿದ್ದೇನೆ. ರಾತ್ರಿ ನಿದ್ದೆಗೆಟ್ಟವರಿಗೆ ಇಂಥ ಬೆಂಚಿನ ಮೇಲೆ ತೂಕಡಿಕೆಯಾದರೂ ಬರಬೇಕು. ನನಗೆ ಅದೂ ಇಲ್ಲ. ಅವಳಿಗೆ ಮೂರು ವರ್ಷವಿದ್ದಾಗ ಜ್ವರ ಏರಿ ಫಿಟ್ಸ್ ಬಂದಿತ್ತು. ಕಣ್ಣು ಮೇಲಾಗಿದ್ದನ್ನು ನಾನು ನೋಡಿದ್ದೇನೆ. ಮತ್ತೆ ಬಂದಿಲ್ಲ, ಇನ್ನು ಬರುವುದಿಲ್ಲ, ಆರಾಮಾಗಿ ನಿದ್ದೆ ಮಾಡಿ ಎಂದರು ಡಾಕ್ಟರು. ಅವರಿಗೇನು, ಅವರು ಮಲಗುತ್ತಾರೆ. ನಾನು ಅವಳ ಉಸಿರು ಕೇಳಿಸಿಕೊಳ್ಳುತ್ತ ಇರುತ್ತೇನೆ.

ಬಾಗಿಲಿನ ಮೇಲರ್ಧ ಗಾಜು. ಎದ್ದು ನಿಂತರೆ ಇಡೀ ತರಗತಿ ಕಾಣುತ್ತದೆ. ಒಳ್ಳೆಯದೇ ಆಯಿತು.

ಜೂನ್ 24, ಮಂಗಳವಾರ

ಸಾಸಿವೆಯ ಕೋಪಕ್ಕೆಂದು ಕೌನ್ಸೆಲರ್ ಹತ್ತಿರ ಮೊದಲ ದಿನ. ಕನ್ನಡಕದ ಅಂಗಡಿಯ ಮೇಲಿನ ಕೋಣೆ. ಹೊರಡುವಾಗ ಅತ್ತೆ ಶುರು ಮಾಡಿದರು.

"ನಾವೂ ಮಕ್ಕಳನ್ನ ಸಾಕಿದೀವಿ. ಆಗ ಕೌನ್ಸೆಲರ್ರೂ ಇರ್ಲಿಲ್ಲ, ಗಿನ್ಸೆಲರ್ರೂ ಇರ್ಲಿಲ್ಲ."

"ಅದಕ್ಕೇ ನಾನು ಹಿಂಗಾಗಿದೀನಿ ಬಿಡಮ್ಮ" ಎಂದರು ಇವರು, ಲಿಫ್ಟ್ ರಿಪೇರಿಯ ಚೀಲ ಹೆಗಲಿಗೇರಿಸುತ್ತ.

ಕೌನ್ಸೆಲರ್ ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ನಾನು ಎಲ್ಲಿ ಕೂರುವುದೆಂದು ತಿಳಿಯದೆ ಅರ್ಧ ಬಗ್ಗಿ ನಿಂತಿದ್ದೆ.

"ಕೋಪ ಬಂದಾಗ ನಿಂಗೆ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?"

"ಹೊಟ್ಟೇಲಿ. ಮಿಕ್ಸಿ ತಿರುಗುತ್ತೆ."

"ಹೌದಾ? ತಿರುಗ್ತಾ ಏನಂತ ಹೇಳುತ್ತೆ?"

"ಗುರ್ರ್ ಅನ್ನುತ್ತೆ."

ಅವರು ನಗಲಿಲ್ಲ. "ಗುರ್ರ್ ಆದ್ಮೇಲೆ?"

ಸಾಸಿವೆ ಚಾಪೆಯ ಅಂಚು ಕೀಳತೊಡಗಿದಳು. "ನಿಂದು ಕಿತ್ಕೋತಾರೆ, ಕಿತ್ಕೋತಾರೆ ಅನ್ನುತ್ತೆ."

ಈ ಮಾತು ಅವಳು ನನಗೆ ಎಂದೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಯಾಕೆ ಹೊಡೆದೆ, ಯಾಕೆ ಕಚ್ಚಿದೆ ಎಂದಷ್ಟೇ ಕೇಳುತ್ತಿದ್ದೆ.

ಇಬ್ಬರೂ ಸೇರಿ ರಟ್ಟಿನ ಮೇಲೆ ಒಂದು ಮಿಕ್ಸಿ ಬರೆದರು. ತಿರುಗುವ ಗುಂಡಿ ಅಂಟಿಸಿದರು. ಒಂದು, ಎರಡು, ಮೂರು. ಮೂರಕ್ಕೆ ಹೋದರೆ ಮುಚ್ಚಳ ಹಾರಿ ಗೋಡೆಯೆಲ್ಲ ಗಲೀಜು. ಒಂದರಲ್ಲಿರುವಾಗಲೇ ಆಫ್ ಮಾಡುವುದು ಸುಲಭ. ಅದಕ್ಕೆ ಕೈ ಎರಡೂ ಕಂಕುಳಲ್ಲಿ ಇಟ್ಟುಕೊಂಡು, ಉಫ್ ಎಂದು ಉಸಿರು ಬಿಟ್ಟು, ಮಿಕ್ಸಿ ಹೇಳಿದ್ದು ನಿಜವೋ ಸುಳ್ಳೋ "ನೋಡೋಣ ಬಾ" ಎಂದು ನೋಡಬೇಕು.

ನನಗೆ ಬೇರೆಯಾಗಿ ವಿವರಿಸಿದರು. ಮೊದಲು ಮನಸ್ಸಿಗೊಂದು ಮಾತು ಬರುತ್ತದೆ, ಮಾತಿನಿಂದ ಮೈ ಬಿಸಿ, ಬಿಸಿಯಿಂದ ಕೈ ಏಳುತ್ತದೆ. ದೊಡ್ಡವರಾದರೆ ಕೂತು ಮಾತಾಡಬಹುದು, ಇಷ್ಟು ಚಿಕ್ಕವರಿಗೆ ಆಡಿಸಿಯೇ ಕಲಿಸಬೇಕು. ಮನೆಯಲ್ಲಿ ಆಡಿಸಿ, ತಾನಾಗಿ ಸಮಾಧಾನವಾದಾಗ ಅದನ್ನು ಬಾಯಿಬಿಟ್ಟು ಹೇಳಿ, ಮುಂದಿನ ವಾರ ನೋಡೋಣ ಎಂದರು.

ಕೈಯಲ್ಲೊಂದು ಕೆಲಸ ಸಿಕ್ಕಿತು. ಕೆಲಸ ಸಿಕ್ಕರೆ ನಾನು ಹಿಂದೆ ಬೀಳುವವಳಲ್ಲ.

ಜೂನ್ 28, ಶನಿವಾರ

ಎಷ್ಟರಲ್ಲಿದೆ, ಏನು ಹೇಳುತ್ತಿದೆ, ಅದು ನಿಜವೋ ಸುಳ್ಳೋ, ಮಿಕ್ಸಿಯ ಮೂರು ಪ್ರಶ್ನೆಗೂ ಉತ್ತರ ಪಕ್ಕಾ ಆಗಿದೆ. ಬೆಳಗ್ಗೆ ಹಲ್ಲುಜ್ಜುವಾಗ ಒಂದು ಸಲ, ಸ್ನಾನದಲ್ಲಿ ಒಂದು ಸಲ, ಊಟಕ್ಕೆ ಮೊದಲು ಒಂದು ಸಲ. ಎಲ್ಲಿಂದ ಕೇಳಿದರೂ ಹೇಳುತ್ತಾಳೆ. ಡಿಗ್ರಿಯಲ್ಲಿ ನನಗೆ ರ‍್ಯಾಂಕ್ ತಪ್ಪಿದ್ದು ಕೂದಲೆಳೆಯಲ್ಲಿ. ಅವಳಿಗೆ ನನ್ನದೇ ಜ್ಞಾಪಕಶಕ್ತಿ ಬಂದಿದೆ.

"ಪಾಪ, ಕೋಪ ಮಾಡ್ಕೊಳ್ಳೋಕೂ ಟ್ಯೂಷನ್" ಎಂದರು ಅತ್ತೆ.

ಜುಲೈ 1, ಮಂಗಳವಾರ

ಅವಮಾನ.

ಕೋಣೆಗೆ ಹೋದವಳೇ ಕೈ ಹಿಂದೆ ಕಟ್ಟಿ ನಿಂತು ಉತ್ತರ ಒಪ್ಪಿಸಲು ಶುರು ಮಾಡಿದಳು. ಕೌನ್ಸೆಲರ್ ಕೇಳುವುದಕ್ಕೂ ಕಾಯಲಿಲ್ಲ. ಅವರು ತಲೆದೂಗುತ್ತ ಕೇಳಿಸಿಕೊಂಡು, ಮೆಲ್ಲಗೆ ಅವಳ ಪಕ್ಕದಲ್ಲಿದ್ದ ಆಟದ ಗಾಡಿ ತೆಗೆದುಕೊಂಡರು. ಸಾಸಿವೆ "ಈಗ ನಾನು ದೀರ್ಘವಾಗಿ ಉಸಿರು ತೆಗೆದುಕೊಳ್ಳುತ್ತೇನೆ" ಎಂದು ಪುಸ್ತಕದ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳುತ್ತಲೇ ಮರದ ಬಾತುಕೋಳಿ ಎತ್ತಿ ಅವರ ಮೊಣಕಾಲಿಗೆ ಬಿಟ್ಟಳು.

ಅವರು ಮೊಣಕಾಲು ಉಜ್ಜಿಕೊಂಡರು. "ಉತ್ತರಕ್ಕೆ ನೂರಕ್ಕೆ ನೂರು. ಬರೆದವರು ಯಾರು?"

ನನ್ನ ಕಿವಿ ಬಿಸಿಯಾಯಿತು.

ಮಗುವನ್ನು ಆಟಕ್ಕೆ ಬಿಟ್ಟು ನನ್ನ ಕಡೆ ತಿರುಗಿದರು. "ಇನ್ನು ಮೇಲೆ ಅವಳಿಗೆ ಹೋಮ್‌ವರ್ಕ್ ಇಲ್ಲ. ನಿಮಗೆ. ದಿನಕ್ಕೊಂದು ಸಲ ನಿಮ್ಮ ಮಿಕ್ಸಿ ಎಷ್ಟರಲ್ಲಿದೆ, ಏನು ಹೇಳ್ತಿದೆ ಅಂತ ಅವಳ ಮುಂದೆ ಜೋರಾಗಿ ಹೇಳಿ. ಪ್ರಶ್ನೆ ಕೇಳೋಳು ಅವಳು."

"ನಂಗೆ ಅಷ್ಟು ಕೋಪ ಬರಲ್ಲ."

"ಮಿಕ್ಸಿ ಕೋಪಕ್ಕೇ ತಿರುಗಬೇಕು ಅಂತೇನಿಲ್ಲ."

ಮಗು ತನ್ನ ಅಮ್ಮ ಮಾಡುವುದನ್ನು ನೋಡಿ ಕಲಿಯುತ್ತದೆ, ಅದಕ್ಕಾಗಿ ಇದು. ಅರ್ಥವಾಗುವ ವಿಷಯವೇ. ಮಾಡುತ್ತೇನೆ.

ಜುಲೈ 4, ಶುಕ್ರವಾರ

ಸಂಜೆ ಇವರು ಬರುವ ಹೊತ್ತು ಮೀರಿತು. ಫೋನೂ ತೆಗೆಯಲಿಲ್ಲ. ಸರಿ, ಹೇಳಿಯೇಬಿಡೋಣ ಎಂದು ಹೇಳಿದೆ.

"ಸಾಸಿವೆ, ಅಮ್ಮನ ಮಿಕ್ಸಿ ಎರಡರಲ್ಲಿದೆ."

ಬಣ್ಣದ ಕಡ್ಡಿ ಬಿಟ್ಟು ಎದ್ದು ಬಂದಳು. "ಏನ್ ಹೇಳ್ತಿದೆ?"

"ಅಪ್ಪಂಗೆ ಲಿಫ್ಟಲ್ಲಿ ಏನೋ ಆಗಿದೆ ಅಂತಿದೆ."

"ನೋಡೋಣ ಬಾ" ಎಂದು ಸೆರಗು ಹಿಡಿದು ಕಿಟಕಿಗೆ ಎಳೆದುಕೊಂಡು ಹೋದಳು. ಕೆಳಗೆ ಇವರು ಗಾಡಿ ಒರಗಿಸಿ, ಪಕ್ಕದ ಮನೆಯವರ ಜೊತೆ ಹಲ್ಲು ಕಿರಿಯುತ್ತ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಸುಳ್ಳು ಹೇಳಿದೆ ನಿನ್ ಮಿಕ್ಸಿ" ಎಂದಳು ಸಾಸಿವೆ.

ಅತ್ತೆ ಬಟ್ಟೆ ಮಡಿಸುತ್ತ, "ಹೆದರ್ಕೊಳ್ಳೋದೇ ನಿಮ್ಮಮ್ಮಂಗೆ ಕೆಲ್ಸ ಕಣೆ. ಸಂಬಳ ಕೊಡೋರಿಲ್ಲ ಅಷ್ಟೆ" ಎಂದರು.

ಹೋಮ್‌ವರ್ಕ್ ಆಯಿತು.

ಜುಲೈ 10, ಗುರುವಾರ

ಕೌನ್ಸೆಲರ್ ಶಾಲೆಗೆ ಬಂದಿದ್ದರು. ದೊಡ್ಡ ಮಿಸ್ ಒಪ್ಪಿದ್ದರು. ತರಗತಿಯ ಮಿಸ್ ಅವರಿಗೂ ಮಿಕ್ಸಿಯ ಆಟ ಹೇಳಿಕೊಟ್ಟು, ಮೂಲೆಯಲ್ಲಿ ಕೂತು ಬೆಳಗ್ಗೆಯೆಲ್ಲ ನೋಡಿದರು. ಎರಡು ಸಲ ಗಲಾಟೆಯಾಯಿತು. ಒಂದು ಸಲ ಸಾಸಿವೆ ತಳ್ಳಿದಳು. ಎರಡೂ ಸಲ ನಾನು ಎದ್ದು ಗಾಜಿನ ಹತ್ತಿರ ಹೋದೆ.

ಆಮೇಲೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು.

"ಇಬ್ಬರು ಒಂದೇ ಗಾಡಿಗೆ ಕೈ ಹಾಕಿದ್ರು. ನಿಮ್ಮ ಮಗಳು ಮೊದಲು ಆ ಹುಡುಗಿ ಕಡೆ ನೋಡ್ಲಿಲ್ಲ, ಗಾಡಿ ಕಡೇನೂ ನೋಡ್ಲಿಲ್ಲ. ಬಾಗಿಲ ಕಡೆ ನೋಡಿದ್ಲು. ಗಾಜಲ್ಲಿ ನಿಮ್ಮ ಮುಖ. ಬೇಜಾರ್ ಮಾಡ್ಕೋಬೇಡಿ, ಆ ಮುಖ ನೋಡಿದ್ರೆ ನಂಗೇ ಎಲ್ಲೋ ಬೆಂಕಿ ಬಿದ್ದಿದೆ ಅನ್ನಿಸ್ತು. ಅದಾದ್ಮೇಲೆ ತಳ್ಳಿದ್ಲು."

"ಅವಳು ಕಚ್ಚಿದ ದಿನ ನಾನು ಇಲ್ಲಿ ಇರ್ಲೇ ಇಲ್ಲ."

"ಇರ್ಲಿಲ್ಲ. ಕಚ್ಚಿದ್ದು ನಿಮ್ಮಿಂದ ಅಂತ ನಾನು ಹೇಳ್ತಿಲ್ಲ. ಅವಳ ಮಿಕ್ಸಿ ಅವಳದೇ. ಆದ್ರೆ ಇಷ್ಟು ಹೊತ್ತಿಗೆ ಕಮ್ಮಿ ಆಗ್ಬೇಕಿತ್ತು, ಯಾಕೆ ಆಗ್ತಿಲ್ಲ ಅಂತ ನೋಡೋಕೆ ಬಂದಿದ್ದೆ."

ಜುಲೈ 11, ಶುಕ್ರವಾರ

ಕಡೆಗೆ ಎಲ್ಲ ಅಮ್ಮನ ತಲೆಗೇ. ಇವರು ದಿನವಿಡೀ ಲಿಫ್ಟಿನ ಹೊಂಡದೊಳಗೆ ಇರುತ್ತಾರೆ, ಇವರ ಮುಖ ಯಾವ ಗಾಜಿನಲ್ಲೂ ಕಾಣುವುದಿಲ್ಲ. ಅದಕ್ಕೇ ಒಳ್ಳೆಯವರು.

ಇನ್ನು ಆ ಕೋಣೆಗೆ ಹೋಗುವುದಿಲ್ಲ.

ಜುಲೈ 15, ಮಂಗಳವಾರ

ಹೋದೆವು. ಸಾಸಿವೆ ತಾನೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಏನು ಮಾಡುವುದು.

ಕೌನ್ಸೆಲರ್ ಒಂದು ಮೆಟ್ಟಿಲು ಸಾಲು ಬರೆದರು. ಕೆಳಗಿನ ಮೆಟ್ಟಿಲು ಈಗಿನ ಬೆಂಚು. ಅದರ ಮೇಲೆ ಪಡಸಾಲೆಯ ತುದಿ, ಅಲ್ಲಿಂದ ಗಾಜು ಕಾಣುವುದಿಲ್ಲ. ಅದರ ಮೇಲೆ ಗೇಟು. ಆಮೇಲೆ ಎದುರಿನ ಪೆನ್ನು-ಕಾಗದದ ಅಂಗಡಿ. ಕಡೆಯದು ಮನೆ. ಒಂದು ಮೆಟ್ಟಿಲಲ್ಲಿ ಬೇಜಾರು ಬರುವಷ್ಟು ಕೂತ ಮೇಲೆ ಮುಂದಿನದು.

"ಮಗುವಿಗೆ ಇದು ಅಭ್ಯಾಸ ಆಗ್ಬೇಕು ಅಲ್ವಾ" ಎಂದೆ.

"ಹೂಂ, ಮಗುವಿಗೂ" ಎಂದರು.

ಜುಲೈ 18, ಶುಕ್ರವಾರ

ಬೆಂಚನ್ನು ಪಡಸಾಲೆಯ ತುದಿಗೆ ಎಳೆದುಕೊಂಡಿದ್ದೇನೆ. ಇಲ್ಲಿಂದ ಕಾಣುವುದು ಕೈ ತೊಳೆಯುವ ತೊಟ್ಟಿ, ಒಂದು ಕಸದ ಬುಟ್ಟಿ. ಆಯಾ ಗುಡಿಸುತ್ತ ಬಂದರು.

"ಏನ್ ದಿನಾ ಬರೀತೀರಮ್ಮ, ಪರೀಕ್ಷೆನಾ? ಸ್ವಲ್ಪ ಕಾಲೆತ್ತಿ."

ಮಧ್ಯದಲ್ಲಿ ಅವಳ ಕಿರುಚು ಕೇಳಿಸಿತು. ಅವಳದೇ, ನೂರು ಮಕ್ಕಳಲ್ಲೂ ಗುರುತಿಸುತ್ತೇನೆ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಏಳಲಿಲ್ಲ. ಆಮೇಲೆ ಕಿರುಚು ನಿಂತಿತು. ನಿಂತದ್ದು ಇನ್ನೂ ಹೆದರಿಕೆ.

ಶಾಲೆ ಬಿಟ್ಟ ಮೇಲೆ ಅವಳನ್ನು ಕೇಳಿದೆ. "ಕೆಂಪು ಬಣ್ಣ ಖಾಲಿ ಆಗಿತ್ತು. ಮಿಸ್ ಎಷ್ಟರಲ್ಲಿದೆ ಅಂತ ಕೇಳಿದ್ರು. ಎರಡು ಅಂದೆ. ಆಮೇಲೆ ಉಫ್ ಅಂದೆ. ಆಮೇಲೆ ಹಳದಿ ಹಚ್ಚಿದೆ."

ಇಷ್ಟೇ ಆಗಿದ್ದು.

ನಾಲ್ಕು ಮಾತಿನಲ್ಲಿ ಹೊಗಳಬೇಕೆಂದಿದ್ದೆ, ಆಗಲಿಲ್ಲ. "ನೀನೇ ಆಫ್ ಮಾಡಿದೆ" ಎಂದಷ್ಟೇ ಹೇಳಿದೆ. ಅದನ್ನೇ ದಾರಿಯುದ್ದಕ್ಕೂ ಹಾಡು ಮಾಡಿಕೊಂಡು ಬಂದಳು.

ಆಗಸ್ಟ್ 1, ಶುಕ್ರವಾರ

ಎಲ್ಲ ಹಾಳಾಯಿತು. ಗೇಟಿನವರೆಗೆ ಹೋಗಿದ್ದೆ, ಮೂರನೆಯ ಮೆಟ್ಟಿಲು. ಇವತ್ತು ಮರದ ಇಟ್ಟಿಗೆ ಎಸೆದಿದ್ದಾಳೆ. ತರಗತಿಯ ಮಿಸ್ ಅವರ ಹುಬ್ಬಿಗೆ ತಗುಲಿ ಊದಿಕೊಂಡಿದೆ. ಸ್ವಲ್ಪ ಕೆಳಗೆ ಬಿದ್ದಿದ್ದರೆ ಕಣ್ಣು.

ಮಿಸ್ ಐಸ್ ಒತ್ತಿಕೊಂಡು "ಪರವಾಗಿಲ್ಲ ಬಿಡಿ" ಎಂದರು. ದೊಡ್ಡ ಮಿಸ್ ಹಾಗೆನ್ನಲಿಲ್ಲ. "ಆಗಸ್ಟ್ ಶುರುವಾಯ್ತು ಅಮ್ಮ" ಎಂದರು.

ನಾನು ಇದ್ದಿದ್ದರೆ ಆಗುತ್ತಿರಲಿಲ್ಲ. ಬೆಂಚನ್ನು ಮತ್ತೆ ಗಾಜಿನ ಪಕ್ಕಕ್ಕೆ ಎಳೆದು ತಂದೆ. ಸೋಮವಾರದಿಂದ ಇಲ್ಲೇ. ಬೇರೆ ಶಾಲೆಯವರು ಈ ಶಾಲೆ ಯಾಕೆ ಬಿಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ. ಏನು ಹೇಳುವುದು? ಅಲ್ಲೂ ಕಳಿಸಿದರೆ? ಅದರ ಮುಂದಿನದು? ಇವತ್ತು ರಾತ್ರಿಯೂ ರೆಪ್ಪೆ ಕೂಡುವುದಿಲ್ಲ.

ಆಗಸ್ಟ್ 5, ಮಂಗಳವಾರ

ಬೆಂಚು ಹಿಂದಕ್ಕೆ ತಂದದ್ದನ್ನು ಮೊದಲೇ ಹೇಳಿಬಿಟ್ಟೆ. ಕೌನ್ಸೆಲರ್ ಬೈಯುತ್ತಾರೆಂದುಕೊಂಡೆ. "ಮೆಟ್ಟಿಲು ಅಂದ್ಮೇಲೆ ಇಳಿಯೋಕೂ ಬರ್ಬೇಕಲ್ಲ" ಎಂದರು.

ಸಾಸಿವೆಯನ್ನು ಕೇಳಿದರು, ಇಟ್ಟಿಗೆ ಎಸೆಯುವ ಮೊದಲು ಮಿಕ್ಸಿ ಏನು ಹೇಳಿತು?

"ಬೇಕೂ ಅಂತ ಬೀಳಿಸಿದ್ಲು ಅಂತು."

ಜುಟ್ಟಿನ ಹುಡುಗಿ ಹಾದು ಹೋಗುವಾಗ ಇವಳು ಕಟ್ಟಿದ ಗೋಪುರ ಬಿದ್ದಿತ್ತಂತೆ. ಅಷ್ಟು ಹೊತ್ತಿನ ಕೆಲಸ. ಕೇಳಿದರೆ ನನಗೂ ಸಿಟ್ಟು ಬರುತ್ತಿತ್ತು.

ಹೊಸ ಆಟ ಕಲಿಸಿದರು. ಸಾಸಿವೆ ಗೋಪುರ ಕಟ್ಟುತ್ತಾಳೆ. ದೊಡ್ಡವರು ಹಾದು ಹೋಗುತ್ತ ಬೀಳಿಸುತ್ತಾರೆ, ಒಮ್ಮೆ ಬೇಕಂತಲೇ, ಒಮ್ಮೆ ಮೊಣಕೈ ತಾಗಿ. ಅವಳು ಕೈ ಕಂಕುಳಲ್ಲಿ ಇಟ್ಟುಕೊಂಡು ಯಾವುದೆಂದು ಹೇಳಬೇಕು. ಮುಖ ನೋಡಬೇಕು, ಕಾಲು ನೋಡಬೇಕು, ಬೇಕಾದರೆ ಕೇಳಬೇಕು. ಅದರಲ್ಲಿ ಅವಳೇ ಪೊಲೀಸು.

ಆಗಸ್ಟ್ 9, ಶನಿವಾರ

ಮನೆ ತುಂಬ ಬಿದ್ದ ಗೋಪುರಗಳು. ಇವರು ಕೆಟ್ಟದಾಗಿ ನಟಿಸುತ್ತಾರೆ, ಮೊದಲೇ ನಕ್ಕುಬಿಡುತ್ತಾರೆ. ನಿಜವಾದ ಕಳ್ಳಿ ಅತ್ತೆ. ಪೊರಕೆ ಹಿಡಿದು ಗುಡಿಸುವ ನೆಪದಲ್ಲಿ ಬಂದು ಧಡಕ್ಕನೆ ಬೀಳಿಸಿ, "ಅಯ್ಯೋ ನನ್ ಕಣ್ಣಿಗೆ ಕಾಣ್ಲೇ ಇಲ್ಲ ಕಂದಾ" ಎನ್ನುತ್ತಾರೆ.

ಸಾಸಿವೆ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಅವರ ಸುತ್ತ ಒಂದು ಸುತ್ತು ಹಾಕಿದಳು. "ಅಜ್ಜಿ, ಇಲ್ಲಿ ಕಸಾನೇ ಇಲ್ಲ. ಬೇಕೂ ಅಂತ."

"ಅಬ್ಬಾ, ಲಾಯರ್ ಆಗ್ತೀಯ ನೀನು!"

ಸೋಮವಾರ ಮತ್ತೆ ಗೇಟಿಗೆ ಹೋಗಿ ನೋಡುತ್ತೇನೆ.

ಆಗಸ್ಟ್ 13, ಬುಧವಾರ

ಗೇಟಿನಲ್ಲಿ ಜುಟ್ಟಿನ ಹುಡುಗಿಯ ತಾಯಿ ಸಿಕ್ಕರು. ಇಷ್ಟು ದಿನ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದವರು ಇವತ್ತು ನಿಂತರು. ನಾನು ಮಾತು ಹುಡುಕುತ್ತಿದ್ದೆ, ಅವರೇ ಹೇಳಿದರು.

"ಕಚ್ಚಿದ ಗುರುತು ಹೋಗಿದೆ."

"ನಾನೇ ಬಂದು ಕೇಳ್ಬೇಕಿತ್ತು. ಧೈರ್ಯ ಆಗ್ಲಿಲ್ಲ."

"ಮನೇಲಿ ದಿನಾ ನಿಮ್ಮೋಳ ಹೆಸರೇ. ಹೆದರಿಕೇನೋ ಇಷ್ಟಾನೋ ಗೊತ್ತಾಗ್ತಿಲ್ಲ ನಂಗೆ" ಎಂದು, ನಗದೆ, ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೋದರು.

ಮಿಕ್ಸಿ ಎರಡರಲ್ಲಿತ್ತು. ಅವರು ಹೊಡೆದೇಬಿಡುತ್ತಾರೆ ಎನ್ನುತ್ತಿತ್ತು. ಹೊಡೆಯಲಿಲ್ಲ.

ಆಗಸ್ಟ್ 20, ಬುಧವಾರ

ಪೆನ್ನು-ಕಾಗದದ ಅಂಗಡಿ. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಒಂದು ರಬ್ಬರು ಕೊಂಡೆ. ನಿನ್ನೆಯೂ ಕೊಂಡಿದ್ದೆ. ಅಂಗಡಿಯವರು, "ಅಷ್ಟೊಂದು ಏನ್ ಅಳಿಸ್ತೀರಿ?" ಎಂದರು.

ಇವತ್ತು ತಳ್ಳಾಟ ಆಗಿದೆ, ಆದರೆ ಮೊದಲು ತಳ್ಳಿದ್ದು ಇವಳಲ್ಲವಂತೆ. ಮಿಸ್ ಅವರೇ ಹೊರಗೆ ಬಂದು ಹೇಳಿದರು.

ಆಗಸ್ಟ್ 27, ಬುಧವಾರ

ಸಾಸಿವೆಯನ್ನು ಶಾಲೆಗೆ ಬಿಟ್ಟು ಮನೆಗೆ ಬಂದೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಕರೆದುಕೊಂಡು ಬಂದೆ. ಮೊಣಕಾಲು ಸ್ವಲ್ಪ ತರಚಿಕೊಂಡಿದ್ದಾಳೆ, ಓಡಿ ಬಿದ್ದದ್ದು.

ಸೆಪ್ಟೆಂಬರ್ 4, ಗುರುವಾರ

ದೊಡ್ಡ ತಪ್ಪಾಯಿತು ಇವತ್ತು.

ಬಟಾಣಿ ಸುಲಿಯುತ್ತ ಕುರ್ಚಿಯಲ್ಲಿ ಕೂತಿದ್ದೆ, ಕಣ್ಣು ಬಿಟ್ಟಾಗ ಗಡಿಯಾರದಲ್ಲಿ ಶಾಲೆ ಬಿಟ್ಟು ಅರ್ಧ ಗಂಟೆ ಆಗಿತ್ತು. ಮಡಿಲಿನ ಬಟಾಣಿಯೆಲ್ಲ ನೆಲಕ್ಕೆ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಅತ್ತೆಯದು, ಹಾಗೇ ಓಡಿದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ. ಒಬ್ಬಳೇ ಅಳುತ್ತಿರುತ್ತಾಳೆ, ಯಾರನ್ನೋ ಕಚ್ಚಿರುತ್ತಾಳೆ, ರಸ್ತೆಗೆ ಬಂದಿರುತ್ತಾಳೆ.

ಬೂಟಿನ ಗೂಡಿನ ಪಕ್ಕ, ನನ್ನ ಬೆಂಚಿನ ಮೇಲೆ ಕೂತಿದ್ದಳು. ಕಾಲು ನೆಲಕ್ಕೆ ಎಟುಕದೆ ಆಡಿಸುತ್ತಿದ್ದಳು.

"ಅಮ್ಮಾ, ನಿನ್ ಚಪ್ಲಿ ನೋಡು!" ಎಂದು ಕಿಲಕಿಲ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಎಷ್ಟರಲ್ಲಿದೆ?"

"ಮೂರು" ಎಂದೆ, ಉಸಿರು ಸಾಲದೆ.

"ಏನಂತು?"

"ನೀನು ಒಬ್ಳೇ ಅಳ್ತಿದೀಯ ಅಂತು."

"ನೋಡು" ಎಂದು ಮುಖವನ್ನು ಮುಂದೆ ಚಾಚಿದಳು. ನೋಡಿದೆ. ಕೆನ್ನೆ ಒಣಗಿತ್ತು. ಗಲ್ಲದ ಮೇಲೊಂದು ಹಸಿರು ಬಣ್ಣದ ಗೆರೆ. "ಒಂದರಲ್ಲಿತ್ತು ನಂದು. ಅಮ್ಮ ಬರಲ್ಲ ಅಂತು. ನಾನು ಉಫ್ ಅಂದೆ. ಬಂದ್ಯಲ್ಲ."

ದೊಡ್ಡ ಮಿಸ್ ಹೊರಗೆ ಬಂದರು. ಕ್ಷಮಿಸಿ ಎಂದು ನಾನು ಶುರು ಮಾಡುವ ಮೊದಲೇ, "ಒಳ್ಳೇದಾಯ್ತು, ನಿಮ್ಮನ್ನೇ ಕೇಳ್ಬೇಕಿತ್ತು. ಈ ಬೆಂಚು ನಾಳೆ ಒಳಗೆ ತಗೋತೀನಿ, ಚಿತ್ರ ಬರೆಯೋಕೆ ಮಕ್ಕಳಿಗೆ ಜಾಗ ಸಾಲ್ತಿಲ್ಲ. ನಿಮಗೇನೂ ಬೇಕಾಗಿಲ್ಲ ಅಲ್ವಾ?"

"ಅಂದ್ರೆ... ಮಿಸ್, ಆಗಸ್ಟ್ ಕೊನೆವರೆಗೂ ನೋಡ್ತೀನಿ ಅಂದಿದ್ರಿ..."

ಅವರು ನನ್ನನ್ನೇ ನೋಡಿದರು. "ಆಗಸ್ಟ್ ಮುಗಿದು ನಾಲ್ಕು ದಿನ ಆಯ್ತಲ್ಲಮ್ಮ, ನಾನೇನಾದ್ರೂ ಅಂದ್ನಾ?"

ಮನೆಗೆ ಬಂದಾಗ ಅತ್ತೆ ನೆಲದ ಬಟಾಣಿ ಆರಿಸುತ್ತಿದ್ದರು. ನಾನು ಮಲಗಿದ್ದನ್ನು ಅವರು ನೋಡಿದ್ದಾರೆ. ನೋಡಿಯೂ ಎಬ್ಬಿಸಿಲ್ಲ. ಸ್ವಲ್ಪ ತಡವಾಗುತ್ತೆ, ಮಗುವನ್ನು ಒಳಗೇ ಕೂರಿಸಿಕೊಳ್ಳಿ ಎಂದು ಶಾಲೆಗೆ ಫೋನು ಮಾಡಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು.

"ಎಬ್ಬಿಸೋಕೆ ಏನಾಗಿತ್ತು ಅತ್ತೆ ನಿಮಗೆ? ಮಗು ಅಲ್ಲಿ ಒಬ್ಳೇ..."

"ಎರಡು ವರ್ಷ ಆಯ್ತು ನೀನು ಕಣ್ಣು ಮುಚ್ಚಿದ್ದು ನೋಡಿ. ಎಬ್ಬಿಸೋಕೆ ನಂಗೇನ್ ಹುಚ್ಚಾ? ಗೊರಕೆ ಬೇರೆ ಹೊಡೀತಿದ್ದೆ."

"ಅಜ್ಜಿ, ಅಮ್ಮಂದು ಇನ್ನೂ ಎರಡರಲ್ಲಿದೆ. ಸುಮ್ನಿರು" ಎಂದಳು ಸಾಸಿವೆ. ಅತ್ತೆ ಬಟಾಣಿಯ ಬುಟ್ಟಿ ನಮ್ಮ ಮುಂದಕ್ಕೆ ತಳ್ಳಿದರು. ಮೂರೂ ಜನ ಕೂತು ಉಳಿದ ಬಟಾಣಿ ಸುಲಿದೆವು.

ಹೀಗೆ ಮತ್ತೆ ಆಗಬಾರದು. ನಾಳೆಯಿಂದ ಮಧ್ಯಾಹ್ನಕ್ಕೆ ಅಲಾರಂ ಇಟ್ಟುಕೊಳ್ಳಬೇಕು.